ಹಸು ಕಟ್ಟಿದವನಿಗೆ ಹಾಲು-ತುಪ್ಪ

ನನಗೆ ಜಪಾನೀ ಕಲಿಸುತ್ತಿದ್ದ ವೃದ್ಧೆ ಒಂದು ಮಧ್ಯಾಹ್ನ ಪಾಠದ ನಡುವೆ ಪೆನ್ಸಿಲ್ ಕೆಳಗಿಟ್ಟು, ಮುತ್ತಜ್ಜನ ಸಮಾಧಿಯನ್ನು ಬರುವ ವಸಂತದಲ್ಲಿ ತೆಗೆಸಿಬಿಡುತ್ತೇನೆ ಎಂದರು. ಹಳೆಯ ಅಂಗಡಿಯೊಂದನ್ನು ಮುಚ್ಚುವ ಸುದ್ದಿ ಹೇಳುವವರ ಹಾಗೆ ಹೇಳಿದರು. ನನಗೆ ಅರ್ಥವಾಗಲಿಲ್ಲ. ಸಮಾಧಿಯನ್ನು ತೆಗೆಸುವುದು ಎಂದರೇನು ಎಂದು ಕೇಳಿದೆ. ಅವರು ಪಾಠ ಅಲ್ಲಿಗೇ ಬಿಟ್ಟು ಅದನ್ನೇ ವಿವರಿಸಿದರು.

ಇಲ್ಲಿ ಸಮಾಧಿ ಮನೆತನಕ್ಕೆ ಸೇರಿದ್ದು. ಕಲ್ಲು ತೊಳೆಯಲು, ಕಳೆ ಕೀಳಲು, ಹಗಲು ರಾತ್ರಿ ಸಮವಾಗುವ ವಾರದಲ್ಲಿ ಹೂವು ಇಡಲು ಮನೆಯವರೊಬ್ಬರು ಇರಬೇಕು. ಮುಂದೆ ಯಾರೂ ಇಲ್ಲವೆಂದರೆ, ಉಳಿದ ಕೊನೆಯವರು ತಾವು ಗಟ್ಟಿಯಾಗಿರುವಾಗಲೇ ಕಲ್ಲನ್ನು ತೆಗೆಸಿ, ಒಳಗಿರುವ ಅಸ್ಥಿಯನ್ನು ದೇವಾಲಯದ ಸಾಮೂಹಿಕ ದಿಬ್ಬಕ್ಕೆ ಸೇರಿಸಿಬಿಡಬೇಕು. ಇಲ್ಲದಿದ್ದರೆ ದೇವಾಲಯದವರಿಗೆ ತೊಂದರೆ. ಆಕೆ ಮದುವೆಯಾಗಿರಲಿಲ್ಲ, ಒಬ್ಬನೇ ಅಣ್ಣ ತೀರಿಹೋಗಿದ್ದ. ಆ ಮನೆತನದಲ್ಲಿ ಉಳಿದಿದ್ದವರು ಅವರೊಬ್ಬರೇ.

ಟೋಕಿಯೋ ಪಕ್ಕದ ಇಚಿಕಾವಾದಲ್ಲಿ ನಮ್ಮಂಥ ಹೊರಗಿನವರಿಗೆ ಭಾಷೆ ಕಲಿಸಲು ನಿವೃತ್ತರು ಕೆಲವರು ಸಮುದಾಯ ಭವನಕ್ಕೆ ಬರುತ್ತಾರೆ. ಆಕೆ ಅವರಲ್ಲೊಬ್ಬರು. ಎಲ್ಲರೂ ಅವರನ್ನು ಸೆನ್ಸೇ, ಅಂದರೆ ಟೀಚರ್, ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ, ಕೊನೆಯವರೆಗೂ.

ನಾನು ಪಶುವೈದ್ಯೆ. ಹೆಬ್ಬಾಳದಲ್ಲಿ ಓದಿ, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದವಳು. ಹೊಟ್ಟೆಯುಬ್ಬರ ಬಂದ ಎಮ್ಮೆಯ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದೇನೆ, ಅಡ್ಡ ಬಂದ ಕರುವನ್ನು ಭುಜದವರೆಗೆ ಕೈ ಹಾಕಿ ತಿರುಗಿಸಿದ್ದೇನೆ. ಗಂಡನ ಕಂಪನಿ ಅವರನ್ನು ಟೋಕಿಯೋಗೆ ಕಳಿಸಿತು, ಅವರ ವೀಸಾದ ಬಾಲ ಹಿಡಿದು ನಾನೂ ಬಂದೆ. ನನ್ನ ಡಿಗ್ರಿ ಇಲ್ಲಿ ನಡೆಯುವುದಿಲ್ಲ. ಟೋಜಾಯಿ ಲೈನಿನ ರೈಲಿನಲ್ಲಿ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋಗುವುದು, ನಿಶಿ ಕಸಾಯಿ ಬಡಾವಣೆಯ ಇಂಡಿಯನ್ ಅಂಗಡಿಯಿಂದ ತೊಗರಿಬೇಳೆ ತರುವುದು, ಇಷ್ಟರಲ್ಲಿ ನನ್ನ ದಿನ ಮುಗಿಯುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇಲ್ಲಿಗೆ ಬಂದ ಮೇಲೆ ಅದು ಇಡೀ ಮೂಗನ್ನೇ ಆವರಿಸಿಕೊಂಡಿತ್ತು.

ಹಾಗಾಗಿ ಸೆನ್ಸೇಯ ಮುತ್ತಜ್ಜನ ಮೇಲೆ ನನಗೆ ಮೊದಲು ಹುಟ್ಟಿದ್ದು ಗೌರವವಲ್ಲ, ಹೊಟ್ಟೆಕಿಚ್ಚು. ಅವನೂ ಹಸುವಿನ ಕೆಲಸದವನು, ಅವನೂ ಹೊರಗಿನವನು. ಈ ದೇಶ ಕತ್ತಿಯನ್ನು ಕೆಳಗಿಟ್ಟು ರೈಲು, ತಂತಿ, ಕಾರ್ಖಾನೆ ಎಂದು ಓಡತೊಡಗಿದ ಕಾಲದಲ್ಲಿ, ಉತ್ತರದ ಹೊಕ್ಕೈಡೊದ ಚಳಿಯಲ್ಲಿ ಹಸು ಸಾಕುವುದು, ಹುಲ್ಲು ಬೆಳೆಸಿ ಒಣಗಿಸಿಡುವುದು, ಹಾಲು ಕರೆಯುವುದು ಕಲಿಸಲೆಂದು ಸರ್ಕಾರವೇ ಅವನನ್ನು ಪಶ್ಚಿಮದ ದೇಶವೊಂದರಿಂದ ಹಡಗಿನಲ್ಲಿ ಕರೆಸಿಕೊಂಡಿತ್ತು. ಅವನನ್ನು ಕರೆಸಿಕೊಂಡರು, ನಾನಾಗಿ ನಾನೇ ಬಂದೆ. ಅವನು ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಇಲ್ಲೇ ನಿಂತ. ಕೃಷಿ ಸಲಹೆಗಾರನ ಕೆಲಸ ಮುಗಿದಾಗ, ಭಾಷೆ ಬರುತ್ತದೆಂದು ಅವನ ದೇಶದವರು ಅವನನ್ನು ತಮ್ಮ ರಾಯಭಾರ ಕಚೇರಿಗೆ ಸೇರಿಸಿಕೊಂಡರು. ಕೊನೆಗೆ ಅವನೇ ರಾಯಭಾರಿಯಾದ.

ಸೆನ್ಸೇ ಅಜ್ಜಿಯಿಂದ ಕೇಳಿದ ಎರಡು ಕಥೆಗಳನ್ನು ಹೇಳುತ್ತಿದ್ದರು. ನನ್ನ ಜಪಾನೀ ಸುಧಾರಿಸಲೆಂದು ಮತ್ತೆ ಮತ್ತೆ ಹೇಳುತ್ತಿದ್ದರು, ನಾನೂ ತಪ್ಪು ತಪ್ಪಾಗಿ ತಿರುಗಿ ಹೇಳುತ್ತಿದ್ದೆ.

ಒಂದು ಕಥೆ ಕೊಟ್ಟಿಗೆಯ ಕಾಲದ್ದು. ರಾಜಧಾನಿಯಿಂದ ಒಬ್ಬ ದೊಡ್ಡ ಅಧಿಕಾರಿ ಬಂದನಂತೆ. ಎಲ್ಲಕ್ಕಿಂತ ಚೆಂದದ ಹಸುವನ್ನು ಹೊರಗೆ ತಂದು ನಡೆಸಿ ತೋರಿಸಬೇಕೆಂದು ಅಪ್ಪಣೆಯಾಯಿತು. ಹೊರಗೆ ಹಿಮ, ಹಸು ಈಯುವ ಹೊತ್ತಿನಲ್ಲಿತ್ತು. ಮುತ್ತಜ್ಜ ಬಾಗಿಲಿಗೆ ಅಡ್ಡ ನಿಂತು ಆಗುವುದಿಲ್ಲ ಎಂದ. ದುಭಾಷಿಗೆ ಅಷ್ಟು ದೊಡ್ಡವರ ಮುಂದೆ ಆ ಮಾತು ಆಡಲು ಭಯ. ಸಲಹೆಗಾರರಿಗೆ ಬಹಳ ಸಂತೋಷವಾಗಿದೆ, ಹವೆ ಮಾತ್ರ ಸ್ವಲ್ಪ ಸರಿಯಿಲ್ಲ ಎಂದೇನೋ ಹೇಳಿದ. ಮುತ್ತಜ್ಜನಿಗೆ ಆಗಲೇ ಆಳುಗಳ ಜೊತೆ ಕಲಿತ ಒರಟು ಜಪಾನೀ ಬರುತ್ತಿತ್ತು. ದುಭಾಷಿಯನ್ನು ಪಕ್ಕಕ್ಕೆ ಸರಿಸಿ, ಆಗುವುದಿಲ್ಲ, ಹಸು ಈಯುತ್ತಿದೆ ಎಂದು ತಾನೇ ಹೇಳಿದ. ಅಧಿಕಾರಿ ಮುಖ ಕೆಂಪಗೆ ಮಾಡಿಕೊಂಡು ಹೋದ. ಕರು ಬದುಕಿತು.

ಇನ್ನೊಂದು ಕಥೆ ರಾಯಭಾರಿಯಾದ ಮೇಲಿನದು. ಒಂದು ದೊಡ್ಡ ಔತಣದಲ್ಲಿ ಒಬ್ಬ ಮಂತ್ರಿ ಎದ್ದು ನಿಂತು, ತಾವು ಕಟ್ಟಿದ ಪಶುಶಾಲೆ ಇಂದಿಗೂ ನಳನಳಿಸುತ್ತಿದೆ ಎಂದು ಅವನನ್ನು ಹೊಗಳಿದ. ಆ ಪಶುಶಾಲೆ ಮುಚ್ಚಿಹೋಗಿ, ಹಸುಗಳೆಲ್ಲ ಚೆಲ್ಲಾಪಿಲ್ಲಿಯಾದದ್ದು ಮುತ್ತಜ್ಜನಿಗೆ ಗೊತ್ತಿತ್ತು. ಎರಡು ದೇಶಗಳ ನಡುವೆ ಏನೋ ಸೂಕ್ಷ್ಮ ಮಾತುಕತೆ ನಡೆಯುತ್ತಿದ್ದ ಸಮಯ ಅದು. ಅವನು ಗ್ಲಾಸು ಎತ್ತಿ ನಕ್ಕ. ಮನೆಗೆ ಬಂದು, ಊಟವೂ ಮಾಡದೆ, ಇವತ್ತು ನಾನು ನನ್ನ ಹಸುಗಳಿಗೆ ಸುಳ್ಳು ಹೇಳಿದೆ ಎಂದು ಹೆಂಡತಿಯ ಮುಂದೆ ಅತ್ತನಂತೆ. ರಾಯಭಾರಿಯಾದ ಮೇಲೆ ಅವನ ಹಳೆಯ ಶಿಷ್ಯರು ಗೇಟಿನಲ್ಲೇ ನಿಂತು ಬಾಗಿ ನಮಸ್ಕರಿಸಿ ಹೋಗುತ್ತಿದ್ದರು. ಮೊದಲಾದರೆ ಅಡುಗೆಮನೆಯವರೆಗೆ ನುಗ್ಗಿ ಬಂದು, ನೀವು ಹೇಳಿದ ಹುಲ್ಲು ಮೊಳೆಯಲಿಲ್ಲ ಎಂದು ಜಗಳ ಆಡುತ್ತಿದ್ದವರು. ಹಸುವಿಗೆ ಕಾಯಿಲೆ ಎಂದು ಅವನನ್ನು ಆಮೇಲೆ ಯಾರೂ ಕರೆಯಲಿಲ್ಲ.

ಈ ಎರಡನೆಯ ಕಥೆ ಕೇಳಿದ ಮೇಲೆ ನನ್ನ ಹೊಟ್ಟೆಕಿಚ್ಚು ಇಳಿಯಿತು. ಹಸುವಿಗೆ ಕಾಯಿಲೆ ಎಂದು ಯಾರೂ ಕರೆಯದ ಬದುಕು ಹೇಗಿರುತ್ತದೆಂದು ನನಗೆ ಗೊತ್ತಿತ್ತು.

ಕಲ್ಲು ತೆಗೆಸುವ ದಿನ ನೀವೂ ಬರುತ್ತೀರಾ ಎಂದು ಸೆನ್ಸೇ ಕೇಳಿದ್ದು ಆಗಲೇ. ಆ ಕಲ್ಲಿನ ಮೇಲೆ ರಾಯಭಾರಿ ಎಂಬ ಪದವಿಯನ್ನು ದೊಡ್ಡದಾಗಿ ಕೆತ್ತಿದ್ದಾರೆ, ಹಸುವಿನ ಸುದ್ದಿ ಎಲ್ಲೂ ಇಲ್ಲ ಎಂದರು. ಅವನನ್ನು ಕಳಿಸಿಕೊಡುವಾಗ ಹಸು ಗೊತ್ತಿರುವವರು ಒಬ್ಬರಾದರೂ ಪಕ್ಕದಲ್ಲಿರಲಿ ಎಂಬುದು ಅವರ ಆಸೆ.

"ಅಜ್ಜಿ ನೀರೆರೆದ ಕಲ್ಲು, ಅಮ್ಮ ನೀರೆರೆದ ಕಲ್ಲು," ಎಂದರು. "ನನ್ನ ಕೈಯಲ್ಲಿ ಮುಗಿಯುತ್ತಿದೆ. ಅವರಿಗೆ ಏನೆಂದು ಹೇಳಲಿ?"

ನಿಮ್ಮ ತಪ್ಪಲ್ಲ ಎಂದೆ. ಎಲ್ಲರೂ ಅದನ್ನೇ ಹೇಳಿರುತ್ತಾರೆಂದು ಅವರ ಮುಖ ನೋಡಿದಾಗ ಗೊತ್ತಾಯಿತು. ಅವರು ನಯವಾಗಿ ಅರಿಗಾತೋ ಎಂದು ವಂದಿಸಿ ಪೆನ್ಸಿಲ್ ಕೈಗೆತ್ತಿಕೊಂಡರು.

ಆ ವಸಂತದಲ್ಲಿ ನಮ್ಮ ಅತ್ತೆ ಮೊಮ್ಮಗಳನ್ನು ನೋಡಲು ಬಂದಿದ್ದರು. ಮಂಡ್ಯದ ಕಡೆಯವರು. ಬೆಳಿಗ್ಗೆ ಎದ್ದು ಹಾಲು ಕರೆದು ಡೈರಿಗೆ ಹಾಕುವುದರಲ್ಲೇ ವಯಸ್ಸು ಕಳೆದವರು, ನನ್ನ ಮದುವೆಯ ಮಾತುಕತೆಯಲ್ಲಿ ನನ್ನ ಅಡುಗೆಯ ಬಗ್ಗೆ ಕೇಳದೆ ಗಬ್ಬದ ಹಸುವಿನ ಬಗ್ಗೆ ಕೇಳಿದವರು. ಇಲ್ಲಿ ಅವರಿಗೆ ಮಾಡಲು ಕೆಲಸವಿರಲಿಲ್ಲ. ಮೊಮ್ಮಗಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಅವಳು ಎಲ್ಲ ಅರ್ಥ ಮಾಡಿಕೊಂಡು ಜಪಾನಿಯಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ಬೇಸರವಿರಲಿಲ್ಲ. ನಾಳೆ ಒಂದು ಸಮಾಧಿಯ ಕೆಲಸಕ್ಕೆ ಯೋಕೋಹಾಮಾಕ್ಕೆ ಹೋಗುತ್ತೇನೆ ಎಂದಾಗ ಅತ್ತೆ ಏನು ಎತ್ತ ಎಂದು ಕೇಳಿದರು. ನಾನು ಇಡೀ ಕಥೆ ಹೇಳಿದೆ. ಕೊಟ್ಟಿಗೆ ಬಾಗಿಲಿನ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಅವನನ್ನು ಮಣ್ಣು ಮಾಡಿದಾಗ ಮೂರನೇ ದಿನಕ್ಕೆ ಹಾಲು-ತುಪ್ಪ ಬಿಟ್ಟಿದ್ದರೋ ಇಲ್ಲವೋ. ನಮ್ಮಲ್ಲಿ ಅದಿಲ್ಲದೆ ಸತ್ತವರ ದಾಹ ಇಂಗುವುದಿಲ್ಲ. ಹೂತ ಗುದ್ದದ ಮೇಲೆ ಹಾಲು, ತುಪ್ಪ ಬಿಟ್ಟು, ಮನೆಗೆ ಬಂದು ಮಿಂದರೇನೇ ಮನಸ್ಸಿಗೆ ಸಮಾಧಾನ. ಇವರಲ್ಲಿ ಆ ಪದ್ಧತಿ ಇಲ್ಲ ಅತ್ತೆ, ನೀರು ಎರೆಯುತ್ತಾರೆ ಅಷ್ಟೇ ಎಂದೆ.

"ಹಂಗಾರೆ ಇಷ್ಟ್ ವರ್ಸದಿಂದ್ಲೂ ಬಾಯಾರ್ಕಂಡೇ ಅವ್ನೆ ಕಣವ್ವ," ಎಂದರು ಅತ್ತೆ. ತಮಾಷೆಗೆ ಹೇಳಲಿಲ್ಲ. ಅವರ ಕಣ್ಣಲ್ಲಿ ನಿಜವಾಗಿಯೂ ಸಂಕಟವಿತ್ತು.

ನಾನೂ ಬರುತ್ತೇನೆ ಎಂದು ಹಟ ಹಿಡಿದರು. ಊರಿಂದ ತಂದಿದ್ದ ತುಪ್ಪವನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡರು. ಹಾಲಿಗೆ ಮಾತ್ರ ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯೇ ಗತಿ. ಪೆಟ್ಟಿಗೆ ಹಾಲನ್ನು ಅವರು ಹಾಲೆಂದೇ ಒಪ್ಪುತ್ತಿರಲಿಲ್ಲ, ಬೈದುಕೊಂಡೇ ಚೀಲಕ್ಕೆ ಹಾಕಿದರು. ಪೆಟ್ಟಿಗೆಯ ಮೇಲೆ ಹೊಕ್ಕೈಡೊದ ಹುಲ್ಲುಗಾವಲಿನ ಚಿತ್ರವಿತ್ತು. ಇದು ಅವನು ಸಾಕಿದ ಹಸುಗಳ ಸಂತತಿಯದೇ ಹಾಲಿರಬೇಕು ಅಲ್ವಾ ಎಂದು ನನ್ನನ್ನು ಕೇಳಿದರು. ಇರಬಹುದು, ಇಲ್ಲದಿರಬಹುದು, ಯಾವ ಹಸುವಿನ ವಂಶ ಯಾವುದೋ ನೋಡದೆ ಹೇಳಲಾರೆ ಎಂದೆ. ಡಾಕ್ಟ್ರು ಅಂದ್ರೆ ಡಾಕ್ಟ್ರೇ ಎಂದು ಅವರು ನಿಟ್ಟುಸಿರು ಬಿಟ್ಟರು. ಹಾಲಿನ ವಿಷಯ ಸೆನ್ಸೇಗೆ ಮೊದಲೇ ತಿಳಿಸಬೇಕೆಂದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನು ಫೋನಿನಲ್ಲಿ ಹೇಳುವಷ್ಟು ಜಪಾನೀ ನನ್ನಲ್ಲಿರಲಿಲ್ಲ.

ದೇವಾಲಯ ಯೋಕೋಹಾಮಾದ ಒಂದು ಗುಡ್ಡದ ಓರೆಯಲ್ಲಿತ್ತು. ಮೆಟ್ಟಿಲು ಹತ್ತಿದರೆ ಮನೆಗಳ ಸಂದಿಯಲ್ಲಿ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಸೆನ್ಸೇ ಕಪ್ಪು ಉಡುಪಿನಲ್ಲಿ ಮೊದಲೇ ಬಂದು, ಕಲ್ಲನ್ನು ಬಟ್ಟೆಯಿಂದ ಉಜ್ಜಿ ತೊಳೆದು ಮುಗಿಸಿದ್ದರು. ನಾಳೆ ಇಲ್ಲದಿರುವ ಕಲ್ಲನ್ನು ಅಕ್ಷರದ ಗೀರುಗಳ ಒಳಗೂ ಬಿಡದೆ ಉಜ್ಜಿದ್ದರು. ಅತ್ತೆ ಕೈ ಮುಗಿದರು, ಸೆನ್ಸೇ ಸೊಂಟ ಬಾಗಿಸಿದರು. ಕಲ್ಲು ಎತ್ತುವ ಕೆಲಸದವರು ಕೆಳಗೆ ತಮ್ಮ ಗಾಡಿಯ ಹತ್ತಿರ ಕಾಯುತ್ತಿದ್ದರು.

ಯುವ ಸನ್ಯಾಸಿಯೊಬ್ಬರು ಬಂದು ಊದಿನಕಡ್ಡಿ ಹಚ್ಚಿ ಮಂತ್ರ ಹೇಳಿದರು. ಕಲ್ಲಿನಲ್ಲಿ ನೆಲೆಸಿರುವ ಜೀವವನ್ನು ಬೀಳ್ಕೊಡುವ ಮಂತ್ರ ಅದು. ಅದು ಮುಗಿದ ಮೇಲೆ ಕಲ್ಲು ಬರಿಯ ಕಲ್ಲು, ಎತ್ತಬಹುದು, ಒಡೆಯಬಹುದು. ಗಂಟೆಯ ಸದ್ದು ನಿಂತಾಗ ಅವರು ನಮ್ಮ ಕಡೆ ತಿರುಗಿ ಬಾಗಿದರು. ಸೆನ್ಸೇ ಬಾಗಿದವರು ಬಹಳ ಹೊತ್ತು ಏಳಲೇ ಇಲ್ಲ.

ಅತ್ತೆ ಕಾಯುತ್ತಿದ್ದದ್ದು ಆ ಕ್ಷಣಕ್ಕೇ. ಭಟ್ಟರ ಕೆಲಸ ಮುಗಿಯಿತು, ಇನ್ನು ಮನೆಯವರ ಕೆಲಸ ಎಂದು ಅವರ ಲೆಕ್ಕ. ಚಪ್ಪಲಿ ಬಿಟ್ಟು ಮುಂದೆ ಹೋಗಿ, ಪೆಟ್ಟಿಗೆಯ ಮೂತಿ ಹರಿದು, ಕಲ್ಲಿನ ನೆತ್ತಿಯ ಮೇಲೆ ಹಾಲು ಬಿಟ್ಟರು. ಆಮೇಲೆ ಡಬ್ಬಿಯಿಂದ ತುಪ್ಪ ತೆಗೆದು ಬೆರಳಿನಿಂದ ಸವರಿದರು. ರಾಯಭಾರಿ ಎಂದು ಕೆತ್ತಿದ ಅಕ್ಷರಗಳ ಒಳಗೆಲ್ಲ ಹಾಲು ತುಂಬಿ ಕೆಳಕ್ಕೆ ಹರಿಯಿತು. ನಾನು ತಡೆಯಲು ಹೋಗಲಿಲ್ಲ. ನಮ್ಮಲ್ಲಿ ಯಾರೂ ತಡೆಯುವುದಿಲ್ಲವಲ್ಲ.

ಸನ್ಯಾಸಿಯ ಮುಖ ಬಿಳಿಚಿಕೊಂಡಿತು. ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಾ ನನ್ನ ಹತ್ತಿರ ಬಂದರು. ಹಾಲು ವಾಸನೆ ಬರುತ್ತದೆ, ಕಾಗೆಗಳು ಬರುತ್ತವೆ, ಅಕ್ಕಪಕ್ಕದ ಸಮಾಧಿಗಳವರಿಗೆ ತೊಂದರೆ. ಅದೂ ಅಲ್ಲದೆ ಈಗ ಆ ಕಲ್ಲಿನಲ್ಲಿ ಯಾರೂ ಇಲ್ಲ, ದಯವಿಟ್ಟು ಅವರಿಗೆ ತಿಳಿಸಿ ಎಂದರು. ತುಂಬ ಒಳ್ಳೆಯ ಹುಡುಗ, ದನಿ ಏರಿಸಲಿಲ್ಲ. ನಾನು ಅತ್ತೆಗೆ ಎಲ್ಲ ಹೇಳಿದೆ. ಸೆನ್ಸೇಯ ಕಡೆ ನೋಡುವ ಧೈರ್ಯವಿರಲಿಲ್ಲ.

ಅತ್ತೆ ತುಪ್ಪದ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಕಲ್ಗೆ ಯಾರ್ ಬಿಟ್ರು? ಹಸ ಕಟ್ದೋನ್ಗೆ ಬಿಟ್ಟೆ," ಎಂದರು. "ಹಾಲ್ ಕರಿಯೋದ್ ಕಲಿಸ್ದೋನ್ಗೆ ಒಂದ್ ಲೋಟ ಹಾಲ್ ಕೊಡೋರು ಈ ಊರಲ್ಲಿ ಒಬ್ರೂ ಇರ್ಲಿಲ್ವಾ, ಕೇಳವ್ವ ಅವ್ರನ್ನ."

ಸನ್ಯಾಸಿ, ಸೆನ್ಸೇ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನನ್ನ ನಾಲಿಗೆಯ ಮೇಲೆ ಒಂದು ಮಾತು ಸಿದ್ಧವಾಗಿಯೇ ಇತ್ತು. ಅವರಿಗೆ ಗೊತ್ತಿರಲಿಲ್ಲ, ಕ್ಷಮಿಸಬೇಕು ಎನ್ನುತ್ತಿದ್ದಾರೆ ಎಂದರೆ ಮುಗಿಯುತ್ತಿತ್ತು. ಈ ದೇಶದಲ್ಲಿ ಇಷ್ಟು ವರ್ಷ ನಾನು ಕಲಿತದ್ದೇ ಅಂಥ ಮಾತುಗಳನ್ನು. ಆಗ ಕೊಟ್ಟಿಗೆಯ ಬಾಗಿಲಲ್ಲಿ ಹವೆ ಸರಿಯಿಲ್ಲ ಎಂದ ಆ ದುಭಾಷಿ ನೆನಪಾದ. ಅವನ ಮೇಲೆ ನಾನು ಎಷ್ಟು ಸಲ ಸಿಟ್ಟಾಗಿದ್ದೆ! ಅತ್ತೆ ಹೇಳಿದ್ದನ್ನು ಹೇಳಿದಷ್ಟೇ, ನನ್ನ ಒರಟು ಜಪಾನಿಯಲ್ಲಿ, ಸೆನ್ಸೇಯ ಮುಖ ನೋಡುತ್ತಾ ಹೇಳಿಬಿಟ್ಟೆ.

ಸೆನ್ಸೇ ಮುಂದೆ ಹೋಗಿ ಕಲ್ಲಿನ ಬುಡದಲ್ಲಿ ಮಂಡಿಯೂರಿ, ಹಾಲು ಹರಿಯುತ್ತಿದ್ದ ಕಡೆ ಅಂಗೈ ಇಟ್ಟರು. ಆಮೇಲೆ ಅತ್ತರು. ಇಲ್ಲಿಯವರು ಹಾಗೆ ದನಿ ತೆಗೆದು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅತ್ತೆ ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತರು, ಭಾಷೆ ಬರುವವಳು ನಾನು ದೂರದಲ್ಲೇ ಉಳಿದೆ.

"ಹುಟ್ಟಿದಾಗಿನಿಂದ ಈ ಕಲ್ಲಿಗೆ ನೀರೇ ಎರೆದೆ," ಎಂದರು ಸೆನ್ಸೇ. "ಹಾಲು ಎರೆಯಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ತೋಚಲಿಲ್ಲ."

ಪೆಟ್ಟಿಗೆಯಲ್ಲಿ ಸ್ವಲ್ಪ ಹಾಲು ಉಳಿದಿತ್ತು. ಅವರು ಎರಡೂ ಕೈ ಒಡ್ಡಿ ಅದನ್ನು ಅತ್ತೆಯಿಂದ ತೆಗೆದುಕೊಂಡು ತಾವೇ ಬಿಟ್ಟರು. ಕೊನೆಯ ಹನಿಯವರೆಗೆ ಅಲ್ಲಾಡಿಸಿ ಬಿಟ್ಟರು. ಸನ್ಯಾಸಿ ಹೋಗಿ ಬಕೆಟ್ಟಿನಲ್ಲಿ ನೀರು ತಂದರು. ನಾವು ನಾಲ್ವರೂ ಸೇರಿ ಅಕ್ಕಪಕ್ಕಕ್ಕೆ ಸಿಡಿದದ್ದನ್ನು ತೊಳೆದೆವು.

ಕೆಲಸದವರು ಕಲ್ಲು ಸರಿಸಿದರು. ಒಳಗಿದ್ದದ್ದು ಎರಡು ಸಣ್ಣ ಮಡಕೆ, ಒಂದು ಮುತ್ತಜ್ಜನದು, ಇನ್ನೊಂದು ಅವನ ಹೆಂಡತಿಯದು. ಎರಡನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ, ದೇವಾಲಯದ ಹಿಂದಿನ ಸಾಮೂಹಿಕ ದಿಬ್ಬಕ್ಕೆ ಒಯ್ದು ಸೇರಿಸಿದರು. ಅದೊಂದು ಹುಲ್ಲು ಹಾಸಿದ ಗುಡ್ಡೆ, ಮುಂದೊಂದು ಚಪ್ಪಟೆ ಕಲ್ಲು. ಅಲ್ಲಿ ಯಾರ ಪದವಿಯೂ ಇರಲಿಲ್ಲ. ಅತ್ತೆ ಹುಲ್ಲನ್ನು ಮುಟ್ಟಿ ನೋಡಿ, ಮೇವಿಗೆ ಚೆನ್ನಾಗೈತೆ ಎಂದರು. ಅದನ್ನೂ ನಾನು ಸೆನ್ಸೇಗೆ ಹೇಳಿದೆ. ಅವರು ಕಣ್ಣೊರೆಸಿಕೊಳ್ಳುತ್ತಾ ನಕ್ಕರು.

ಹೊರಡುವ ಮೊದಲು ಸೆನ್ಸೇ ನನ್ನನ್ನು ಸ್ವಲ್ಪ ಆಚೆ ಕರೆದರು. ತಾವೂ ಬಂದು ಸೇರುವುದು ಇದೇ ದಿಬ್ಬಕ್ಕೆ, ಎಲ್ಲ ಏರ್ಪಾಡು ಮಾಡಿಯಾಗಿದೆ ಎಂದರು. ಸಾಯುವ ಭಯ ತಮಗಿಲ್ಲ, ತಮಗೆಂದು ಯಾರೂ ಬರುವುದಿಲ್ಲವಲ್ಲ ಎಂಬುದೊಂದೇ ರಾತ್ರಿ ನಿದ್ದೆ ಕೆಡಿಸುತ್ತದೆ ಎಂದರು. ಆಮೇಲೆ ಕೇಳಿದರು.

"ನನಗೂ ಹೀಗೆ ಹಾಲು ಬಿಡುತ್ತೀರಾ?"

ಹೂಂ ಎನ್ನುವುದು ಎಷ್ಟು ಸುಲಭವಿತ್ತು. ಅವರಿಗೂ ಸಂತೋಷ, ನನಗೂ ಸಂತೋಷ. ಆದರೆ ಗಂಡನ ಕಂಪನಿ ನಮ್ಮನ್ನು ಇಲ್ಲಿ ಎಷ್ಟು ದಿನ ಇಡುತ್ತದೋ ನಮಗೇ ತಿಳಿದಿರಲಿಲ್ಲ. ಮಾರ್ಚ್ ಬಂತೆಂದರೆ ವಾಪಸ್ ಬೆಂಗಳೂರು ಎನ್ನುವ ಗುಲ್ಲು ಪ್ರತಿ ವರ್ಷ ಏಳುತ್ತಿತ್ತು. ಉಳಿಯದ ಹಸುವನ್ನು ಉಳಿಯುತ್ತದೆ ಎಂದು ನಾನು ಯಾವ ಮನೆಯವರಿಗೂ ಹೇಳಿದವಳಲ್ಲ. ಇದ್ದದ್ದನ್ನೇ ಹೇಳಿದೆ.

"ಗೊತ್ತಿಲ್ಲ ಸೆನ್ಸೇ. ನಾನು ಇಲ್ಲಿ ಇರುವಷ್ಟು ವರ್ಷ ಬರುತ್ತೇನೆ. ಎಷ್ಟು ವರ್ಷ ಇರುತ್ತೇನೋ ಹೇಳಲಾರೆ."

ಅವರು ನನ್ನ ಮುಖವನ್ನೇ ನೋಡಿದರು. ಬೇಸರವಾಯಿತೇನೋ ಎಂದುಕೊಂಡೆ. ಅವರು ನನ್ನ ಕೈ ಹಿಡಿದುಕೊಂಡರು, ಅಷ್ಟು ದಿನದಲ್ಲಿ ಮೊದಲ ಸಲ. ಆಸ್ಪತ್ರೆಯವರು, ನಗರಸಭೆಯವರು, ಪಕ್ಕದ ಮನೆಯವರು, ಏನು ಕೇಳಿದರೂ ಎಲ್ಲರೂ ಹೂಂ ಎನ್ನುತ್ತಾರೆ, ಅದಕ್ಕೇ ನಾನು ಯಾರನ್ನೂ ನಂಬುವುದಿಲ್ಲ ಎಂದರು. ನಿಮ್ಮನ್ನು ನಂಬುತ್ತೇನೆ ಎಂದರು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತು, ಮೀಯದೆ ಯಾರೂ ಏನನ್ನೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದರು. ಮಿಂದು ಬಂದು ಉಂಡು, ಹಗುರಾದವರ ಹಾಗೆ ಮಲಗಿ ನಿದ್ದೆ ಹೋದರು. ತಿಂಗಳು ಕಳೆದು ಊರಿಗೆ ಹಿಂತಿರುಗಿದರು. ಅವರು ಫೋನ್ ಮಾಡಿದಾಗಲೆಲ್ಲ ಆ ಮೇಡಮ್ಮ ಚೆನ್ನಾಗವ್ರಾ ಎಂದು ಮೊದಲು ಕೇಳುತ್ತಿದ್ದರು.

ಕಳೆದ ಶರತ್ಕಾಲದಲ್ಲಿ ಸೆನ್ಸೇ ತೀರಿಕೊಂಡರು. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಸಮುದಾಯ ಭವನದವರು ಹೇಳಿದಾಗ. ಮೂರನೇ ದಿನ ಎಂದೋ ಕಳೆದುಹೋಗಿತ್ತು. ಅತ್ತೆಗೆ ಫೋನ್ ಮಾಡಿದೆ. ತಡವಾದರೂ ಹೋಗು, ಬಾಯಾರಿದವರು ಕಾಯ್ತಾರೆ ಎಂದರು.

ಮಾರ್ಚಿನ ಗುಲ್ಲು ಈ ವರ್ಷವೂ ಎದ್ದಿದೆ, ಇನ್ನೂ ಏನೂ ತೀರ್ಮಾನವಾಗಿಲ್ಲ. ಮೊನ್ನೆ ನಾನು ಯೋಕೋಹಾಮಾದ ಆ ಗುಡ್ಡ ಹತ್ತಿದೆ. ಆ ಯುವ ಸನ್ಯಾಸಿ ದೂರದಿಂದಲೇ ನನ್ನ ಚೀಲ ನೋಡಿ, ಏನೂ ಕೇಳದೆ ಒಂದು ಬಕೆಟ್ ನೀರನ್ನೂ ಉದ್ದ ಹಿಡಿಯ ಸೌಟನ್ನೂ ದಿಬ್ಬದ ಪಕ್ಕದಲ್ಲಿ ತಂದಿಟ್ಟು ಹೋದರು. ಬಿಟ್ಟ ಮೇಲೆ ತೊಳೆದರೆ ಸಾಕು ಎಂಬುದು ಅದರ ಅರ್ಥ. ತುಪ್ಪವನ್ನು ಹುಲ್ಲಿನ ಮೇಲೆ ಒಂದೇ ಒಂದು ಹನಿ ಬಿಟ್ಟೆ. ಹಾಲನ್ನು ನಿಧಾನವಾಗಿ, ಪೂರ್ತಿಯಾಗಿ, ಚಪ್ಪಟೆ ಕಲ್ಲಿನ ಮೇಲೆ ಬಿಟ್ಟೆ. ಅದು ಹರಿದು ಹುಲ್ಲಿನೊಳಗೆ ಇಳಿಯುವ ತನಕ ಕಾದು, ಕಲ್ಲು ತೊಳೆದು, ಕೈ ಒರೆಸಿಕೊಂಡು ಎದ್ದು ನಿಂತೆ. ಅವರು ಕಲಿಸಿದ ಭಾಷೆಯ ಒಂದು ಪದವೂ ಬಾಯಿಗೆ ಬರಲಿಲ್ಲ, ಕನ್ನಡದಲ್ಲೇ ಹೇಳಿದೆ.

"ಈ ವರ್ಷ ಇದೀನಿ, ಸೆನ್ಸೇ. ಮುಂದಿನ ವರ್ಷದ್ದು ಗೊತ್ತಿಲ್ಲ."